ವೈದ್ಯಕೀಯ ಸಂಶೋಧನೆ: ವರ್ಷದ ಪ್ರಗತಿ ಮತ್ತು ಧನಸಹಾಯದ ಲೆಕ್ಕ

ಆಸ್ಪತ್ರೆಯೊಂದು ವರ್ಷದಲ್ಲಿ ಎಷ್ಟು ರೋಗಿಗಳಿಗೆ ಚಿಕಿತ್ಸೆ ನೀಡಿತು, ಎಷ್ಟು ಶಸ್ತ್ರಚಿಕಿತ್ಸೆಗಳನ್ನು ನಡೆಸಿತು ಎಂಬುದನ್ನು ಎಣಿಸಿ ಹೇಳಬಹುದು. ವೈದ್ಯಕೀಯ ಸಂಶೋಧನಾ ಸಂಸ್ಥೆಯ ಪ್ರಗತಿಯನ್ನು ಹಾಗೆ ಅಳೆಯಲು ಬಾರದು. ಅಲ್ಲಿ ಹಣ ಪ್ರತಿವರ್ಷ ವ್ಯಯವಾಗುತ್ತದೆ. ಫಲ ಮಾತ್ರ ಪ್ರತಿವರ್ಷ ಕೈಗೆ ಬರುವುದಿಲ್ಲ. ಹಾಗಿದ್ದರೆ ಅಂತಹ ಸಂಸ್ಥೆಯನ್ನು ಸಮಾಜವು ಏಕೆ ಪೋಷಿಸಬೇಕು? ಈ ಪ್ರಶ್ನೆಗೆ ನಮ್ಮ ಮಲೆನಾಡಿನ ಇತಿಹಾಸವೇ ಉತ್ತರ ಕೊಡುತ್ತದೆ.

1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಜೊತೆಗೂಡಿ ಪುಣೆಯಲ್ಲಿ ವೈರಾಣು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದವು. ಸೊಳ್ಳೆ, ಉಣುಗು ಮೊದಲಾದ ರಕ್ತ ಹೀರುವ ಜೀವಿಗಳಿಂದ ಹರಡುವ ವೈರಾಣುಗಳ ಅಧ್ಯಯನ ಅದರ ಉದ್ದೇಶವಾಗಿತ್ತು. ಸೊಳ್ಳೆಗಳನ್ನು ಹಿಡಿದು ಜಾತಿ ಗುರುತಿಸುವುದು, ರಕ್ತದ ಮಾದರಿಗಳನ್ನು ಸಂಗ್ರಹಿಸುವುದು, ಯುವ ವಿಜ್ಞಾನಿಗಳನ್ನು ತರಬೇತುಗೊಳಿಸುವುದು ಇವೇ ಅಲ್ಲಿನ ನಿತ್ಯದ ಕೆಲಸಗಳು. ಇವುಗಳಲ್ಲಿ ಜನರ ಗಮನ ಸೆಳೆಯುವಂತಹುದು ಹೆಚ್ಚೇನೂ ಇರಲಿಲ್ಲ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸಾಯತೊಡಗಿದವು. ಸಮೀಪದ ಹಳ್ಳಿಗಳ ಜನ ತೀವ್ರ ಜ್ವರದಿಂದ ನರಳಿದರು, ಕೆಲವರು ಅಸುನೀಗಿದರು. ಭಾರತದಲ್ಲಿ ಎಂದೂ ಕಾಣಿಸದಿದ್ದ ಹಳದಿ ಜ್ವರ ಬಂದಿತೇ ಎಂಬ ಆತಂಕ ಮೂಡಿತು. ಪುಣೆಯ ತಜ್ಞರು ಅದೇ ವರ್ಷ ವೈರಾಣುವನ್ನು ಬೇರ್ಪಡಿಸಿ, ಅದು ಹಳದಿ ಜ್ವರದ್ದಲ್ಲ, ರಷ್ಯಾದಲ್ಲಿ ಉಣುಗುಗಳಿಂದ ಹರಡುವ ಮಿದುಳು ಜ್ವರದ ವೈರಾಣುವಿಗೆ ಹತ್ತಿರದ್ದು ಎಂದು ತೋರಿಸಿಕೊಟ್ಟರು. ನಾವು ಮಂಗನ ಕಾಯಿಲೆ ಎಂದು ಕರೆಯುವ ಕ್ಯಾಸನೂರು ಅರಣ್ಯ ರೋಗ ಗುರುತಿಗೆ ಬಂದುದು ಹೀಗೆ. ಹಿಂದಿನ ಐದು ವರ್ಷಗಳ ಸದ್ದಿಲ್ಲದ ಸಿದ್ಧತೆಯೇ ಅಂದು ನೆರವಿಗೆ ಬಂದಿತು. ರೋಗ ಬಂದ ಮೇಲೆ ಹಣ ಹೊಂದಿಸಿ ಪ್ರಯೋಗಾಲಯ ಕಟ್ಟಲು ಹೊರಟಿದ್ದರೆ ಅಷ್ಟು ಬೇಗ ಉತ್ತರ ದೊರೆಯುತ್ತಿರಲಿಲ್ಲ.

ರೋಗವನ್ನು ಗುರುತಿಸಿದ ಮಾತ್ರಕ್ಕೆ ಲಸಿಕೆ ಸಿಗಲಿಲ್ಲ. ರಷ್ಯಾದ ರೋಗಕ್ಕೆಂದು ಸಿದ್ಧಪಡಿಸಿದ್ದ ಲಸಿಕೆಯನ್ನು ಇಲ್ಲಿ ಪ್ರಯೋಗಿಸಿದಾಗ ರಕ್ಷಣೆ ದೊರೆಯಲಿಲ್ಲ. ಮುಂದೆ ಈ ವೈರಾಣುವಿನಿಂದಲೇ ಲಸಿಕೆ ತಯಾರಾಯಿತು. 1990ರ ದಶಕದ ಆರಂಭದ ಕ್ಷೇತ್ರ ಪ್ರಯೋಗದಲ್ಲಿ ಅದರ ಎರಡು ಡೋಸ್‌ಗಳು ಶೇ. 90ಕ್ಕೂ ಹೆಚ್ಚು ರಕ್ಷಣೆ ನೀಡಿದವು. ಆದರೆ 2005ರಿಂದ 2010ರವರೆಗಿನ ಮಾಹಿತಿಯನ್ನು ಪರಿಶೀಲಿಸಿದಾಗ ಎರಡು ಡೋಸ್‌ಗಳ ಪರಿಣಾಮ ಶೇ. 62ರಷ್ಟು ಮಾತ್ರ ಎಂದು ಕಂಡುಬಂದಿತು. 2022ರಿಂದ ಈಚೆಗೆ ಆ ಲಸಿಕೆಯ ಬಳಕೆಯೇ ನಿಂತಿದೆ. ಹೊಸ ಲಸಿಕೆಗಾಗಿ ಪ್ರಯತ್ನ ನಡೆದಿದೆ. ಒಮ್ಮೆ ಗಳಿಸಿದ ಪ್ರಗತಿ ಶಾಶ್ವತವಲ್ಲ, ಅದನ್ನು ಉಳಿಸಿಕೊಳ್ಳಲೂ ಸಂಶೋಧನೆ ಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಇನ್ನು ಧನಸಹಾಯದ ವಿಚಾರ. ರಾಕ್‌ಫೆಲ್ಲರ್ ಪ್ರತಿಷ್ಠಾನ ಹಿಂದೆ ಸರಿದ ಬಳಿಕ ಪುಣೆಯ ಕೇಂದ್ರದ ಹೊಣೆ ಮಂಡಳಿಯ ಮೇಲೆ ಬಿದ್ದಿತು. 1978ರಲ್ಲಿ ಅದು ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯಾಯಿತು. ಮಂಡಳಿಗೆ ಕೇಂದ್ರ ಸರ್ಕಾರದ ಬಜೆಟ್‌ನಿಂದ, ಆರೋಗ್ಯ ಸಂಶೋಧನಾ ಇಲಾಖೆಯ ಮೂಲಕ ಹಣ ಬರುತ್ತದೆ. ಅಂದರೆ ಅದು ನಾವು ನೀವೆಲ್ಲ ಕಟ್ಟುವ ತೆರಿಗೆಯ ಹಣ.

ಇಂತಹ ಸಂಸ್ಥೆಗಳಿಗೆ ಬರುವ ಹಣದಲ್ಲಿ ಎರಡು ಬಗೆಗಳಿವೆ. ನಿರ್ದಿಷ್ಟ ಯೋಜನೆಗೆ, ನಿರ್ದಿಷ್ಟ ಅವಧಿಗೆ ಬರುವ ಅನುದಾನ ಒಂದು. ಸಿಬ್ಬಂದಿ, ಉಪಕರಣ, ಶೈತ್ಯಾಗಾರ, ಸುರಕ್ಷತೆ ಇವುಗಳಿಗಾಗಿ ಪ್ರತಿವರ್ಷ ಬೇಕಾಗುವ ಮೂಲ ಅನುದಾನ ಇನ್ನೊಂದು. ಮೊದಲನೆಯದನ್ನು ಸಾಂಕ್ರಾಮಿಕದ ಭೀತಿಯಲ್ಲಿ ಎಲ್ಲರೂ ಕೊಡಲು ಮುಂದಾಗುತ್ತಾರೆ. ಭೀತಿ ಕಳೆದ ಮೇಲೆ ಎರಡನೆಯದು ಮರೆತುಹೋಗುವ ಅಪಾಯವಿದೆ. ದಾಸೋಹದ ಒಲೆ ಜಾತ್ರೆಯ ದಿನವಷ್ಟೇ ಉರಿದರೆ ಸಾಲದು. ಉಳಿದ ದಿನಗಳಲ್ಲೂ ಹಸಿದವರು ಬರುತ್ತಾರೆ. ಸಂಶೋಧನೆಯ ಒಲೆಯೂ ಹಾಗೆಯೇ. 2020ರ ಜನವರಿಯಲ್ಲಿ ದೇಶದ ಮೊದಲ ಕೊರೊನಾ ಪ್ರಕರಣವನ್ನು ಪುಣೆಯ ಇದೇ ಸಂಸ್ಥೆ ಖಚಿತಪಡಿಸಲು ಸಾಧ್ಯವಾದುದು ಅಲ್ಲಿನ ಒಲೆ ಆರದಿದ್ದ ಕಾರಣದಿಂದ.

ಆದ್ದರಿಂದ ಸಂಶೋಧನಾ ಸಂಸ್ಥೆಯ ವಾರ್ಷಿಕ ವರದಿಯನ್ನು ಓದುವಾಗ ಹೊಸ ಔಷಧ ಬಂದಿತೇ ಎಂದಷ್ಟೇ ಕೇಳಬಾರದು. ಈ ವರ್ಷ ಎಷ್ಟು ಜನ ತರಬೇತಿ ಪಡೆದರು? ಹಳೆಯ ಲಸಿಕೆಗಳ ಪರಿಣಾಮವನ್ನು ಮರುಪರೀಕ್ಷಿಸಲಾಯಿತೇ? ವಿಫಲವಾದ ಪ್ರಯೋಗಗಳನ್ನೂ ಪ್ರಾಮಾಣಿಕವಾಗಿ ದಾಖಲಿಸಲಾಗಿದೆಯೇ? ಮೂಲ ಅನುದಾನ ಹಿಂದಿನ ವರ್ಷಕ್ಕಿಂತ ಕುಗ್ಗಿತೇ? ಹಣ ಕೊಡುವ ಸಮಾಜಕ್ಕೆ ಈ ಪ್ರಶ್ನೆಗಳನ್ನು ಕೇಳುವ ಹಕ್ಕಿದೆ, ಉತ್ತರ ಬರುವವರೆಗೆ ಕಾಯುವ ತಾಳ್ಮೆಯೂ ಇರಬೇಕು.

ಹಣವೊಂದೇ ನಮ್ಮ ಪಾಲಲ್ಲ. ಮಲೆನಾಡಿನ ಬಂಧುಗಳು ಕಾಡಿನಲ್ಲಿ ಸತ್ತ ಮಂಗವನ್ನು ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ಕೂಡಲೇ ತಿಳಿಸಬೇಕು. ಜ್ವರ ಬಂದಾಗ ರಕ್ತಪರೀಕ್ಷೆಗೆ ಹಿಂಜರಿಯಬಾರದು. ಪ್ರಯೋಗಾಲಯದ ಕೆಲಸ ಆರಂಭವಾಗುವುದು ಹಳ್ಳಿಯಿಂದ ಹೋಗುವ ಆ ಒಂದು ಸುದ್ದಿಯಿಂದ, ಆ ಒಂದು ಮಾದರಿಯಿಂದ.