ಮುಟ್ಟು ನಿಂತ ಮೇಲೆ ಹಲ್ಲೇಕೆ ಅಲ್ಲಾಡುತ್ತದೆ?

ಮುದ್ದೆ ಊಟಕ್ಕೆ ಹಲ್ಲಿನ ಹಂಗಿಲ್ಲ. ತುತ್ತು ಮುರಿದು, ಸಾರಿನಲ್ಲಿ ಅದ್ದಿ ನುಂಗಿದರಾಯಿತು. ಹಾಗಾಗಿ ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಷಿನ್ ತುಳಿಯುವ ಹೆಣ್ಣುಮಗಳಿಗೆ ಹಲ್ಲು ಸಡಿಲವಾಗಿರುವುದು ತಿಳಿಯಲು ಹಬ್ಬದ ಚಕ್ಕುಲಿಯೇ ಬೇಕಾದೀತು. ಬ್ರಷ್ ಮಾಡುವಾಗ ರಕ್ತ ಬರುತ್ತಿದ್ದದ್ದು ಆಗ ನೆನಪಾಗುತ್ತದೆ. ನೋವಿರಲಿಲ್ಲ, ಸುಮ್ಮನಿದ್ದಳು. ‘ವಯಸ್ಸಾಯ್ತಲ್ಲಕ್ಕ, ಬಿಡು’ ಎಂದು ಪಕ್ಕದ ಮಷಿನ್‌ನವಳು ಸಮಾಧಾನ ಹೇಳುತ್ತಾಳೆ.

ಆ ಸಮಾಧಾನದಲ್ಲಿ ಅರ್ಧ ಮಾತ್ರ ನಿಜ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು 51. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆಸಿಕೊಂಡವರಿಗೆ ಈ ಬದಲಾವಣೆ ಇನ್ನೂ ಬೇಗ, ಅದೂ ಒಂದೇ ಏಟಿಗೆ ಬರುತ್ತದೆ. ದುಡಿಮೆಯ ನಡುವಯಸ್ಸಿನಲ್ಲೇ ಮೂಳೆಯ ಸವೆತ ಶುರುವಾಗುತ್ತದೆ.

ಮೂಳೆಯೊಳಗಿನ ಲೆಕ್ಕ

ಹಳೆ ಮೂಳೆಯನ್ನು ಕರಗಿಸಿ ಹೊಸದು ಕಟ್ಟುವ ಕೆಲಸ ಮೈಯಲ್ಲಿ ಸದಾ ನಡೆದೇ ಇರುತ್ತದೆ. ಕರಗಿಸುವ ಜೀವಕೋಶಗಳಿಗೆ ಕಡಿವಾಣ ಹಾಕುವುದು ಈಸ್ಟ್ರೋಜೆನ್ ಹಾರ್ಮೋನು. ಮುಟ್ಟು ನಿಂತಾಗ ಅದು ಇಳಿಯುತ್ತದೆ. ಮೊದಲ ಐದಾರು ವರ್ಷ ಮೂಳೆ ವೇಗವಾಗಿ ಸವೆಯುತ್ತದೆ. ಸೊಂಟ, ಬೆನ್ನಿನ ಮೂಳೆಗಳಿಗೆ ಆಗುವುದು ದವಡೆಗೂ ಆಗಬಹುದು. ಹಲ್ಲಿನ ಬೇರು ಕೂತಿರುವುದು ಆ ದವಡೆ ಮೂಳೆಯ ಗುಳಿಯಲ್ಲೇ. ಗೂಟ ಎಷ್ಟೇ ಗಟ್ಟಿಯಿದ್ದರೂ ನೆಲ ಸಡಿಲವಾದರೆ ನಿಲ್ಲುವುದಿಲ್ಲ.

ಹಾಗೆಂದು ಹಾರ್ಮೋನೊಂದೇ ಹಲ್ಲು ಉದುರಿಸುವುದಿಲ್ಲ. ಮೊದಲು ವಸಡಿನಂಚಿನಲ್ಲಿ ಪಾಚಿ ಕಟ್ಟಿ, ಅದರಲ್ಲಿನ ಬ್ಯಾಕ್ಟೀರಿಯಾದಿಂದ ವಸಡು ಊದಬೇಕು. ಆ ಉರಿಯೂತ ಒಳಗಿಳಿದರೆ ಹಲ್ಲು ಹಿಡಿದ ಮೂಳೆಯೂ ಕರಗುತ್ತದೆ. ಮೊದಲೇ ತೆಳುವಾಗಿರುವ ಮೂಳೆ ಇದಕ್ಕೆ ಬೇಗ ಸೋಲುತ್ತದೆ ಎಂಬ ಅನುಮಾನ ವೈದ್ಯರದು. ಅಮೆರಿಕದ ಬಫಲೊ ವಿಶ್ವವಿದ್ಯಾಲಯದ ಜೀನ್ ವಾಕ್ಟಾವ್‌ಸ್ಕಿ-ವೆಂಡೆ ಮತ್ತು ಸಂಗಡಿಗರು ಮುಟ್ಟು ನಿಂತ ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಪರೀಕ್ಷಿಸಿ, ಮೈಮೂಳೆಯ ಸವೆತಕ್ಕೂ ಹಲ್ಲಿನ ಸುತ್ತಲ ಮೂಳೆ ನಷ್ಟಕ್ಕೂ ನಂಟಿರುವುದನ್ನು ಕಂಡರು. ನಂಟಿದೆ ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎಂದಲ್ಲ. ಆದರೆ ಒಂದು ಕಂಡಾಗ ಇನ್ನೊಂದನ್ನು ವಿಚಾರಿಸಲು ಅಷ್ಟು ಸಾಕು. ಸಕ್ಕರೆ ಕಾಯಿಲೆ, ಹೊಗೆಸೊಪ್ಪು, ಕಡ್ಡಿಪುಡಿ ಸೇರಿದರೆ ವಸಡಿನ ಪಾಡು ಇನ್ನೂ ಕೆಡುತ್ತದೆ.

ಅಳೆದರೆ ಗೊತ್ತಾಗುತ್ತದೆ

ಪರೀಕ್ಷೆ ಸರಳ. ಮಿಲಿಮೀಟರ್ ಗೆರೆಗಳಿರುವ ತೆಳ್ಳನೆಯ ಕಡ್ಡಿಯನ್ನು ದಂತವೈದ್ಯರು ಹಲ್ಲು ಮತ್ತು ವಸಡಿನ ಸಂದಿಗೆ ಮೆಲ್ಲಗೆ ಇಳಿಸಿ, ಹಲ್ಲಿನ ಸುತ್ತ ಆರು ಕಡೆ ಅಳೆಯುತ್ತಾರೆ. ಮೂರರೊಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ನಾಲ್ಕು, ಐದು ಎಂದು ಏರಿ, ಜೊತೆಗೆ ರಕ್ತವೂ ಬಂದರೆ ಚಿಕಿತ್ಸೆ ಬೇಕು. ‘ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತೆ’ ಎಂಬ ಹೆದರಿಕೆ ಬಹಳ ಜನಕ್ಕಿದೆ. ಹಲ್ಲು ಆಗಲೇ ಸಡಿಲವಾಗಿರುತ್ತದೆ. ಸಂದಿಯಲ್ಲಿ ಗಟ್ಟಿಯಾಗಿ ಕೂತಿದ್ದ ಪಾಚಿ ಹೋದಾಗ ಅದು ಅನುಭವಕ್ಕೆ ಬರುತ್ತದೆ, ಅಷ್ಟೆ.

ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ಅಥವಾ ವರ್ಷಕ್ಕೊಂದು ಇಂಜೆಕ್ಷನ್ ತೆಗೆದುಕೊಳ್ಳುವವರು ಹಲ್ಲು ಕೀಳಿಸುವ ಮುನ್ನ ಅದನ್ನು ಹೇಳಲೇಬೇಕು. ಅಪರೂಪಕ್ಕೆ ಕಿತ್ತ ಜಾಗದ ದವಡೆ ಮೂಳೆ ಮಾಯದೆ ಸಾಯುವುದುಂಟು. ಹಲ್ಲಿನ ಕೆಲಸ ಮುಗಿಸಿಕೊಂಡು ಆ ಔಷಧ ಆರಂಭಿಸುವುದು ಕ್ಷೇಮ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಎಲ್ಲಿಗೆ ಹೋಗುವುದು?

ಗಾರ್ಮೆಂಟ್ಸ್‌ನವರದಷ್ಟೇ ಅಲ್ಲ, ಐಟಿ ಕಂಪನಿಗಳ ಹೆಂಗಸರ ಕಥೆಯೂ ಬೇರೆಯೇನಲ್ಲ. ಇನ್ಫೊಸಿಸ್ ಎಲೆಕ್ಟ್ರಾನಿಕ್ ಸಿಟಿಗೆ ಬಂದದ್ದು 1994ರಲ್ಲಿ. ಆ ಕಾಲಕ್ಕೆ ಐಟಿ ಕೆಲಸಕ್ಕೆ ಸೇರಿದ ಹುಡುಗಿಯರಿಗೆ ಈಗ ಐವತ್ತು ದಾಟಿದೆ. ವರ್ಷದ ತಪಾಸಣೆಯಲ್ಲಿ ಶುಗರ್, ಕೊಲೆಸ್ಟ್ರಾಲ್ ನೋಡುತ್ತಾರೆ. ವಸಡನ್ನು ಅಳೆಯುವುದು ಅಪರೂಪ. ಬೆಳಗ್ಗೆ ಕ್ಯಾಬ್ ಹತ್ತಿ ಎಸಿಯೊಳಗೆ ಕೂತವರಿಗೂ, ಟ್ಯೂಬ್‌ಲೈಟ್ ಕೆಳಗೆ ಹೊಲಿಯುವವರಿಗೂ ಬಿಸಿಲು ಕಾಣುವುದು ಅಷ್ಟಕ್ಕಷ್ಟೆ. ಬಿಸಿಲಿಲ್ಲದೆ ವಿಟಮಿನ್ ಡಿ ಇಲ್ಲ, ಅದಿಲ್ಲದೆ ತಿಂದ ಕ್ಯಾಲ್ಸಿಯಂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಮುಟ್ಟು ನಿಂತವರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). ನೂರು ಗ್ರಾಂ ರಾಗಿಯಲ್ಲಿ ಸಿಗುವುದು ಸುಮಾರು 350. ಹಾಲು, ಮೊಸರು, ಎಳ್ಳು, ಸೊಪ್ಪು ಜೊತೆಗಿರಬೇಕು.

ಇಎಸ್‌ಐ ಕಾರ್ಡ್ ಇರುವವರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಿದೆ. ವೈಟ್‌ಫೀಲ್ಡ್‌ನಲ್ಲಿ ವೈದೇಹಿ, ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ಆಕ್ಸ್‌ಫರ್ಡ್ ದಂತ ಕಾಲೇಜುಗಳಿವೆ; ವಿಕ್ಟೋರಿಯಾ ಆಸ್ಪತ್ರೆಯ ಬಳಿ ಸರ್ಕಾರಿ ದಂತ ಕಾಲೇಜಿದೆ.

ಹಲ್ಲು ಹೋದ ಬಡ ಹಿರಿಯರಿಗೆ ಸರ್ಕಾರ ‘ದಂತ ಭಾಗ್ಯ’ದಲ್ಲಿ ಕಟ್ಟಿದ ಹಲ್ಲು ಕೊಡುತ್ತದೆ. ಒಳ್ಳೆಯದೇ. ಆದರೆ ಹುಟ್ಟಿದ ಹಲ್ಲು ಉಳಿಸಿಕೊಳ್ಳುವ ಕೆಲಸ 45ಕ್ಕೇ ಶುರುವಾಗಬೇಕು. ಕಾರ್ಖಾನೆಗಳ ಆರೋಗ್ಯ ಶಿಬಿರಕ್ಕೆ ಒಬ್ಬ ದಂತವೈದ್ಯರನ್ನೂ ಕರೆಯಿರಿ. ಅಮ್ಮಂದಿರೇ, ಅಕ್ಕಂದಿರೇ, ಮುಟ್ಟು ನಿಂತಿದ್ದರೆ ಈ ತಿಂಗಳೇ ಒಮ್ಮೆ ವಸಡು ತೋರಿಸಿ. ನುಂಗುವ ಮಾತ್ರೆಗಳ ಚೀಟಿಯನ್ನೂ ಜೊತೆಗೆ ಒಯ್ಯಿರಿ.