ಆರು ದಿನದ ಶಿಲ್ಕು, ಒಂದು ದಿನದ ಮಂಡಿಗೆ

ಬೆಳಗಾವಿಯಲ್ಲಿದ್ದುಕೊಂಡು ಮೈಭಾರವನ್ನು ಇಳಿಸುವ ಸಂಕಲ್ಪ ತೊಟ್ಟವನ ಕಷ್ಟವನ್ನು ಆ ಊರಿನ ಊಟೋಪಚಾರದ ಪರಿಚಯವಿದ್ದವರೇ ಬಲ್ಲರು. ಹಾಲನ್ನು ಗಂಟೆಗಟ್ಟಲೆ ಬತ್ತಿಸಿ, ಸಕ್ಕರೆಯೊಡನೆ ಕೈಬಿಡದೆ ಮಗುಚಿ ಕಂದುಬಣ್ಣಕ್ಕೆ ತಂದ ಕುಂದಾ ಪೇಟೆಯಲ್ಲಿ ವರ್ಷವಿಡೀ ದೊರೆಯುತ್ತದೆ. ಸಕ್ಕರೆ ತುಪ್ಪಗಳ ಹೂರಣವನ್ನು ಒಡಲಲ್ಲಿಟ್ಟುಕೊಂಡು ಮದುವೆಯ ಪಂಕ್ತಿಗೆ ಬಂದ ಮಂಡಿಗೆಯನ್ನು ಒಲ್ಲೆನೆಂದರೆ ಬೀಗರು ಮುನಿಯುವರು. ಖಾನಾಪುರದ ಕಡೆಯ ಹಳ್ಳಿಗಳಲ್ಲಿ ಎಷ್ಟೋ ವರ್ಷಗಳಿಗೊಮ್ಮೆ ನೆರವೇರುವ ಲಕ್ಷ್ಮೀದೇವಿಯ ಜಾತ್ರೆಗೆ ಹೋದವನು ಒಂದೇ ಮನೆಯಲ್ಲಿ ಉಂಡು ಹಿಂದಿರುಗಿದರೆ ಉಳಿದ ನೆಂಟರಿಗೆ ಅದು ಅವಮಾನ. ಇಂತಹ ಸಂಕಟದಿಂದ ಪಾರಾಗಲು ಈಚೆಗೆ ಅನೇಕರು ಒಂದು ಉಪಾಯವನ್ನು ಹಿಡಿದಿದ್ದಾರೆ: ಸೋಮವಾರದಿಂದ ಶನಿವಾರದವರೆಗೆ ದಿನಕ್ಕಿಷ್ಟೆಂದು ಕ್ಯಾಲೊರಿಗಳನ್ನು ಉಳಿಸಿ, ಒಟ್ಟಾದ ಶಿಲ್ಕನ್ನು ರವಿವಾರದ ಊಟಕ್ಕೆ ವೆಚ್ಚಮಾಡುವುದು. ಈ ಉಪಾಯವನ್ನು ಕುರಿತು ಪರಸ್ಪರ ವಿರುದ್ಧವಾದ ಎರಡು ಭ್ರಾಂತಿಗಳು ಪ್ರಚಾರದಲ್ಲಿವೆ.

“ಒಂದ್ ದಿನ ತಿಂದ್ರ ಮುಗೀತು, ವಾರದ್ದೆಲ್ಲಾ ನೀರಾಗ ಹೋಮ” ಎಂಬುದು ಮೊದಲನೆಯದು. ಶರೀರವು ಪ್ರತಿರಾತ್ರಿ ಹನ್ನೆರಡು ಗಂಟೆಗೆ ಜಮಾಖರ್ಚಿನ ಪುಸ್ತಕವನ್ನು ಮುಚ್ಚುತ್ತದೆಂಬ ಊಹೆಯೇ ಇದಕ್ಕೆ ಮೂಲ. ಆದರೆ ಕೊಬ್ಬಿನ ಸಂಚಯವೂ ವ್ಯಯವೂ ಅಹೋರಾತ್ರಿ ನಡೆಯತಕ್ಕ ಕಾರ್ಯಗಳು; ಪಂಚಾಂಗದ ವಾರತಿಥಿಗಳ ಗೊಡವೆ ಅವಕ್ಕಿಲ್ಲ. ಕುಳಿತು ಕೆಲಸ ಮಾಡುವ, 65 ಕಿಲೊ ತೂಕದ ಪುರುಷನಿಗೆ ದಿನಕ್ಕೆ 2,110 ಕ್ಯಾಲೊರಿ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಕೋಷ್ಟಕ ಹೇಳುತ್ತದೆ. ಅಂಥವನೊಬ್ಬನು ದಿನಕ್ಕೆ 1,700ರಂತೆ ಉಣ್ಣಲು ನಿಶ್ಚಯಿಸಿ, ಆರು ದಿನ ಅದರಲ್ಲಿಯೂ 150ನ್ನು ಉಳಿಸಿ, ಏಳನೆಯ ದಿನ 2,600 ಉಂಡನೆಂದುಕೊಳ್ಳೋಣ. ವಾರದ ಮೊತ್ತ 11,900. ಪ್ರತಿದಿನ ಸಮನಾಗಿ ಉಂಡಿದ್ದರೂ ಅಷ್ಟೇ ಆಗುತ್ತಿತ್ತು. ಉಡುಪಿಯಲ್ಲಿ 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿಯಂತೆ, ದಿನದಿನದ ಚಿಲ್ಲರೆ ಹೀಗೆ ಒಟ್ಟುಗೂಡುವುದರಲ್ಲಿ ಮೋಸವೇನೂ ಇಲ್ಲ.

ಇದರ ಬೆನ್ನಿಗೇ ಬರುವ ಮತ್ತೊಂದು ಭಯವುಂಟು: ಒಂದು ಹೊತ್ತು ಬಿಟ್ಟರೆ ಜಠರಾಗ್ನಿ ನಂದಿ, ಮೈ ಉಂಡದ್ದನ್ನೆಲ್ಲ ಕೊಬ್ಬಾಗಿಸಿಕೊಳ್ಳುತ್ತದೆಂಬುದು. ಒಂದೆರಡು ದಿನದ ಅಲ್ಪಾಹಾರದಿಂದ ಹಾಗಾಗುವುದಿಲ್ಲ. ದೀರ್ಘಕಾಲದ ಕ್ಷುಧೆಯಿಂದ ದೇಹದ ವ್ಯಯ ತಗ್ಗುವುದು ದಿಟ. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಯುವಕರನ್ನು 24 ವಾರಗಳ ಕಾಲ ಅರೆಹೊಟ್ಟೆಯಲ್ಲಿಟ್ಟಾಗ ಅವರ ತೂಕದ ಕಾಲುಭಾಗ ಕರಗಿತು, ವಿಶ್ರಾಂತ ಸ್ಥಿತಿಯಲ್ಲಿ ದೇಹ ವೆಚ್ಚಮಾಡುವ ಶಕ್ತಿಯೂ ಬಹಳ ಇಳಿಯಿತು. ಆದರೆ ಆರು ತಿಂಗಳ ಆ ಅವಸ್ಥೆಗೂ ಬುಧವಾರ ರಾತ್ರಿ ಒಂದು ರೊಟ್ಟಿ ಕಡಮೆ ಉಂಡವನ ಅವಸ್ಥೆಗೂ ಯಾವ ಹೋಲಿಕೆ?

ಎರಡನೆಯ ಭ್ರಾಂತಿ ಮೊದಲನೆಯದಕ್ಕಿಂತ ಹೆಚ್ಚು ಅಪಾಯಕರವೆಂದು ನನ್ನ ಅಭಿಪ್ರಾಯ. “ಇಡೀ ವಾರ ಬಾಯಿ ಕಟ್ಟೇನಿ, ಇವತ್ತ ಎಷ್ಟ್ ತಿಂದ್ರೂ ನಡೀತದ” ಎಂಬ ಮಾತಿನಲ್ಲಿ ಶಿಲ್ಕು ಎಷ್ಟೆಂಬುದರ ವಿಚಾರವೇ ಇಲ್ಲ. ಮೇಲೆ ಹೇಳಿದ ಮನುಷ್ಯನು ರವಿವಾರ 2,600ಕ್ಕೆ ನಿಲ್ಲದೆ 4,500ರವರೆಗೆ ಹೋದನೆನ್ನಿ. ಒಂದು ದೊಡ್ಡ ಚಮಚ ತುಪ್ಪಕ್ಕೆ ಸುಮಾರು 120 ಕ್ಯಾಲೊರಿಯಾಗುವಾಗ, ಮಧ್ಯಾಹ್ನ ಮಂಡಿಗೆ, ಸಂಜೆ ಕುಂದಾ, ರಾತ್ರಿ ಮಟನ್ನಿನ ಊಟವೆಂದರೆ ಅದು ಅಸಾಧ್ಯವಾದ ಸಂಖ್ಯೆಯಲ್ಲ. ವಾರದಲ್ಲಿ ಆಗಬೇಕಾಗಿದ್ದ 2,870ರ ಕೊರತೆ 970ಕ್ಕೆ ಇಳಿಯುತ್ತದೆ. ಅಂದರೆ ಆರು ದಿನದ ತಪಸ್ಸಿನ ಮೂರರಲ್ಲಿ ಎರಡು ಪಾಲು ಒಂದೇ ದಿನದಲ್ಲಿ ಕೈಬಿಟ್ಟುಹೋಗುತ್ತದೆ. ಎಲ್ಲವೂ ಹೋಯಿತೆನ್ನುವವನೂ ಏನೂ ಹೋಗಲಿಲ್ಲವೆನ್ನುವವನೂ ಇಲ್ಲಿ ಸಮಾನವಾಗಿ ತಪ್ಪಿದ್ದಾರೆ.

ಇನ್ನು, ಉಳಿಸಿದೆವೆಂದು ನಾವು ತಿಳಿದುದೆಲ್ಲ ನಿಜವಾಗಿ ಉಳಿದಿರುತ್ತದೆಯೇ ಎಂಬ ಪ್ರಶ್ನೆ. 1992ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ಎಷ್ಟು ಪಥ್ಯ ಮಾಡಿದರೂ ತೂಕ ಇಳಿಯದೆಂದು ದೂರುತ್ತಿದ್ದವರು ತಾವು ಉಂಡುದನ್ನು ಸರಾಸರಿ ನೂರಕ್ಕೆ 47ರಷ್ಟು ಕಡಮೆಯಾಗಿ ವರದಿಮಾಡಿದ್ದುದು ಕಂಡುಬಂದಿತು. ಅವರು ಸುಳ್ಳುಗಾರರಾಗಿರಬೇಕಿಲ್ಲ, ಮನುಷ್ಯನ ಸ್ಮರಣೆಯೇ ಅಂಥದು. ಇದಕ್ಕೆ ನಮ್ಮ ಸೀಮೆಯ ನಿದರ್ಶನ ಬೇಕಾದರೆ ಏಕಾದಶಿಯನ್ನು ನೋಡಬೇಕು. ಕನ್ನಡವೂ ಮರಾಠಿಯೂ ಒಂದೇ ಓಣಿಯಲ್ಲಿ ಬಾಳುವ ಬೆಳಗಾವಿಯಲ್ಲಿ ಆಷಾಢ ಏಕಾದಶಿಯ ಉಪವಾಸಕ್ಕೆ ಅಕ್ಕಿ ಜೋಳಗಳು ವರ್ಜ್ಯ. ಸಾಬೂದಾಣಿಯ ಖಿಚಡಿ, ಶೇಂಗಾ, ಗೆಣಸು, ಬಾಳೆಹಣ್ಣುಗಳು ಗ್ರಾಹ್ಯ. ಅರವತ್ತು ಗ್ರಾಂ ಸಾಬೂದಾಣಿಗೆ 210, ಇಪ್ಪತ್ತೈದು ಗ್ರಾಂ ಶೇಂಗಾಕ್ಕೆ 140, ಒಗ್ಗರಣೆಯ ಒಂದು ದೊಡ್ಡ ಚಮಚ ತುಪ್ಪಕ್ಕೆ 120 ಎಂದು ಕೂಡಿಸಿದರೆ ಒಂದು ತಟ್ಟೆಗೆ 470 ಆಗುತ್ತದೆ. ಎರಡನೆಯ ಸಲ ಬಡಿಸಿಕೊಂಡವನಿಗೆ 940. ಏಕಾದಶಿಯೆಂದರೆ ಇಮ್ಮಡಿ ಊಟವೆಂದು ಮರಾಠಿಯ ಗಾದೆಯೇ ನಗೆಯಾಡುತ್ತದೆ. ವ್ರತದ ಪುಣ್ಯವನ್ನು ಅಳೆಯುವ ಅಧಿಕಾರ ನನಗಿಲ್ಲ. ಆದರೆ ಅದನ್ನು ಕ್ಯಾಲೊರಿಯ ಉಳಿತಾಯವೆಂದು ಬರೆದುಕೊಂಡವನ ಲೆಕ್ಕ ತಪ್ಪಿತೆಂದು ಮಾತ್ರ ಹೇಳಬಲ್ಲೆನು. ಶ್ರಾವಣದ ಮೊದಲು ಬರುವ ಗಟಾರಿ ಅಮಾವಾಸ್ಯೆಯಂದು ಮುಂದಿನ ತಿಂಗಳ ಸಂಯಮವನ್ನು ನೆನೆದು ಯಥೇಚ್ಛವಾಗಿ ಉಂಡು ಕುಡಿಯುವವರದು ಇನ್ನೂ ಸಾಹಸದ ವ್ಯವಹಾರ: ಅವರು ಬರಲಿರುವ ಜಮೆಯ ಮೇಲೆ ಸಾಲವೆತ್ತುತ್ತಾರೆ.

ಉಳಿತಾಯ ಹಿರಿದಾದಷ್ಟೂ ಒಳ್ಳೆಯದೆಂಬ ಭಾವನೆಯೂ ನಿಲ್ಲತಕ್ಕುದಲ್ಲ. ರಾತ್ರಿಯ ಮದುವೆಯೂಟಕ್ಕೆಂದು ಬೆಳಗಿನಿಂದ ಬರಿಯ ಚಹದ ಮೇಲಿದ್ದು ಪಂಕ್ತಿಗೆ ಕುಳಿತವನಿಗೆ ವಿವೇಕಕ್ಕಿಂತ ಮುಂಚೆ ಕೈ ಓಡುತ್ತದೆ. ಮಿನೆಸೋಟದ ಯುವಕರಿಗೆ ನಿರ್ಬಂಧ ತೆಗೆದ ಮೇಲೆ ಎಷ್ಟು ಉಂಡರೂ ತೃಪ್ತಿಯಾಗದಿದ್ದುದು ಇದೇ ಕ್ಷುಧೆಯ ಪರಾಕಾಷ್ಠೆ. ಚಿಕಾಗೋದಲ್ಲಿ ನೂರು ಜನರ ಮೇಲೆ ವರ್ಷಕಾಲ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ದಿನ ಬಿಟ್ಟು ದಿನ ಕಾಲುಹೊಟ್ಟೆ ಉಂಡವರಿಗೂ ಪ್ರತಿದಿನ ಮುಕ್ಕಾಲು ಉಂಡವರಿಗೂ ತೂಕದ ಇಳಿತದಲ್ಲಿ ಗಣನೀಯ ಅಂತರ ಕಾಣಲಿಲ್ಲ. ಆದರೆ ನಡುವೆಯೇ ಬಿಟ್ಟುಹೋದವರು ಮೊದಲಿನ ಪಂಗಡದಲ್ಲಿ ನೂರಕ್ಕೆ 38, ಎರಡನೆಯದರಲ್ಲಿ 29. ಗಣಿತ ಎರಡೂ ಕಡೆ ಒಂದೇ. ಒಂದನ್ನು ಪಾಲಿಸುವುದು ಹೆಚ್ಚು ಕಷ್ಟ. ಆದ್ದರಿಂದ ದಿನಕ್ಕೆ ನೂರು, ನೂರೈವತ್ತರ ಉಳಿತಾಯ, ಎಂದರೆ ಒಂದು ರೊಟ್ಟಿ ಅಥವಾ ಸಂಜೆಯ ಚುರುಮುರಿ, ಸಾಕೆಂದು ತೋರುತ್ತದೆ. ಅದನ್ನು ಊಟದ ಮುಂಚೆಯೇ ಕೂಡಿಸುವುದು ಲೇಸು. ಉಂಡ ಮೇಲೆ ಪ್ರಾಯಶ್ಚಿತ್ತವೆಂದು ಸೋಮವಾರ ನಿರಾಹಾರವಿರುವುದು ಮುಂದಿನ ಅತಿಯೂಟಕ್ಕೆ ದಾರಿ.

ಸೋಮವಾರದ ತೂಕದ ಯಂತ್ರವನ್ನು ನಂಬಿ ಎದೆಗೆಡುವವರೂ ಇದ್ದಾರೆ. ಒಂದು ರಾತ್ರಿಯಲ್ಲಿ ಕಿಲೊ ಏರಿತೆಂದರೆ ಅದು ಕೊಬ್ಬಲ್ಲ, ಏಕೆಂದರೆ ಒಂದು ಕಿಲೊ ಕೊಬ್ಬು ಸೇರಬೇಕಾದರೆ ವ್ಯಯಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚಾಗಬೇಕು. ಅನ್ನ ಸಕ್ಕರೆಗಳು ಯಕೃತ್ತು ಮಾಂಸಖಂಡಗಳಲ್ಲಿ ಗ್ಲೈಕೊಜನ್ ಆಗಿ ಸೇರುವಾಗ ಪ್ರತಿ ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಡುತ್ತವೆ. ಸಾರು ಉಪ್ಪಿನಕಾಯಿಗಳ ಉಪ್ಪೂ ನೀರನ್ನು ನಿಲ್ಲಿಸುತ್ತದೆ. ಕೆಲವು ದಿನಗಳಲ್ಲಿ ಅದು ತಾನಾಗಿ ಇಳಿಯುತ್ತದೆ. ಟಿಳಕವಾಡಿಯ ವ್ಯಾಕ್ಸಿನ್ ಡಿಪೊದ ಮರಗಳ ನಡುವೆ ಮರುದಿನ ಬೆಳಗ್ಗೆ ಸುತ್ತುಹಾಕಿ ಎಲ್ಲವನ್ನೂ ಕರಗಿಸುವೆನೆಂಬ ಉತ್ಸಾಹವೂ ಬಹಳ ದೂರ ಸಾಗದು: ಐದು ಕಿಲೋಮೀಟರಿನ ನಡಿಗೆಗೆ ವ್ಯಯವಾಗುವುದು ಸುಮಾರು 250, ಎಂದರೆ ಎರಡು ದೊಡ್ಡ ಚಮಚ ತುಪ್ಪ. ನಡೆಯುವುದಕ್ಕೆ ಬೇರೆ ಎಷ್ಟೋ ಒಳ್ಳೆಯ ಕಾರಣಗಳಿವೆ.

ಇಷ್ಟೆಲ್ಲ ಹೇಳಿದ ಮೇಲೂ ಈ ಉಪಾಯ ಎಲ್ಲರಿಗೂ ಸಲ್ಲುವುದಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಸಿಕೊಳ್ಳುವವರೂ, ರಕ್ತದ ಸಕ್ಕರೆಯನ್ನು ತಗ್ಗಿಸುವ ಕೆಲವು ಬಗೆಯ ಗುಳಿಗೆ ನುಂಗುವವರೂ ಔಷಧದ ಪ್ರಮಾಣವನ್ನು ವೈದ್ಯರೊಡನೆ ವಿಚಾರಿಸದೆ ಊಟ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದು ಮೂರ್ಛೆ ಬರಬಹುದು. ಗರ್ಭಿಣಿಯರೂ, ಹಾಲೂಡಿಸುವ ತಾಯಂದಿರೂ, ಹಸಿದು ಅನಂತರ ತಡೆಯಿಲ್ಲದೆ ತಿನ್ನುವ ವ್ಯಾಧಿಯನ್ನು ಹಿಂದೆ ಅನುಭವಿಸಿದವರೂ ಇದರ ಗೋಜಿಗೆ ಹೋಗಬಾರದು. ಅವರು ದಿನದ ಊಟವನ್ನು ದಿನದಿನವೂ ಉಂಡು, ಮದುವೆಯ ಮನೆಯಲ್ಲಿ ಒಂದು ಮಂಡಿಗೆಯನ್ನು ಪಕ್ಕದವರೊಡನೆ ಹಂಚಿಕೊಂಡರೆ ಬೀಗರೇನೂ ಮುನಿಯರು.