ಕಪಿಲೆಯ ಲೆಕ್ಕವಿಟ್ಟಿದ್ದ ಸರ್ವರ್

ನಂಜನಗೂಡು ಬಸ್ ನಿಲ್ದಾಣದ ಹತ್ತಿರ ಒಂದು ಜೆರಾಕ್ಸ್ ಅಂಗಡಿ. ಅದರ ಗಾಜಿನ ಕಪಾಟಿನಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳ ಸಾಲು: ಕಪ್ಪು ರೆಕ್ಸಿನ್ ರಟ್ಟು, ಬಂಗಾರದ ಬಣ್ಣದ ಅಕ್ಷರ. ಬೈಂಡಿಂಗ್ ಮಾಡಿಸಲು ಬರುವವರಿಗೆ ಮಾದರಿ ತೋರಿಸಲು ಅಂಗಡಿಯವರು ಉಳಿಸಿಕೊಂಡ ಪ್ರತಿಗಳಿವು. 2021ರ ವರದಿಯೊಂದರ ಕೊನೆಯ ಪುಟದಲ್ಲಿ ಜಾಲವಿಳಾಸವೊಂದು ಅಚ್ಚಾಗಿತ್ತು. ಸೈಲೆಂಟ್, ರಿವರ್, ಐದಂಕಿಯ ಒಂದು ಸಂಖ್ಯೆ, ಕೊನೆಗೆ ಹೆರೋಕುಆಪ್ ಡಾಟ್ ಕಾಮ್. ಮೊಬೈಲಿನಲ್ಲಿ ಒತ್ತಿದರೆ ತೆರೆದುಕೊಂಡದ್ದು ಖಾಲಿ ಪುಟ. ಸದ್ಯಕ್ಕೆ ಇಲ್ಲೇನೂ ಇಲ್ಲ ಎಂಬರ್ಥದ ಒಂದೇ ಸಾಲು.

ಆ ವರದಿಯ ವಿಷಯ ನೋಡಿದರೆ ಕೈಬಿಡಲು ಮನಸ್ಸಾಗದು. ಬೀಚನಹಳ್ಳಿಯ ಕಬಿನಿ (ಕಪಿಲೆ) ಅಣೆಕಟ್ಟೆಯ ಹೊರಹರಿವು, ಕೆಆರ್‌ಎಸ್ ಹೊರಹರಿವು ಎರಡನ್ನೂ ದಿನಾ ಬರೆದಿಟ್ಟು, ಕಪಿಲೆ–ಕಾವೇರಿ ಕೂಡುವ ತಿರುಮಕೂಡಲು ನರಸೀಪುರದಲ್ಲಿ ನೀರು ಎಷ್ಟು ಏರಬಹುದೆಂದು ಅಂದಾಜಿಸುವ ಪುಟ್ಟ ಆ್ಯಪ್ ಅದು. ಕಬಿನಿಯಿಂದ ಹೆಚ್ಚು ನೀರು ಬಿಟ್ಟರೆ ನಂಜನಗೂಡಿನ ಸ್ನಾನಘಟ್ಟ, ಹದಿನಾರು ಕಾಲು ಮಂಟಪ ಮುಳುಗುತ್ತವೆ. ಕೆಆರ್‌ಎಸ್ ಗೇಟೂ ತೆರೆದರೆ ನರಸೀಪುರಕ್ಕೆ ಎರಡೂ ಕಡೆಯ ನೀರು. ಬರೆದವರು ಇಬ್ಬರು, ಒಬ್ಬ ನಂಜನಗೂಡಿನವನು, ಇನ್ನೊಬ್ಬ ನರಸೀಪುರದವನು. ಇಬ್ಬರೂ ಮೈಸೂರಿನ ಕಾಲೇಜಿಗೆ ಓಡಾಡಿಕೊಂಡು ಓದಿದವರು.

“ಆ ಹುಡುಗ ನಮ್ಮೂರವ್ನೇ ಸಾರ್, ಭಾನುವಾರ ಬಂದ್ರೆ ಸಿಗ್ತಾನೆ,” ಎಂದರು ಅಂಗಡಿಯವರು. ಸಿಕ್ಕಿದ. ಗೆಳೆಯನನ್ನೂ ಕರೆಸಿದ. ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂತು ಇಬ್ಬರೂ ಹೇಳಿದ ಕಥೆಗೆ ಮೂಲ ಮಾತ್ರ ಸಾವಿರಾರು ಮೈಲಿ ದೂರದ್ದು.

ಹೆರೋಕು 2007ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಹೋಸ್ಟಿಂಗ್ ವೇದಿಕೆ. 2010ರಲ್ಲಿ ಸೇಲ್ಸ್‌ಫೋರ್ಸ್ ಅದನ್ನು 21.2 ಕೋಟಿ ಡಾಲರಿಗೆ ಕೊಂಡಿತು. ಬರೆದ ಕೋಡನ್ನು ಒಂದೇ ಆದೇಶದಲ್ಲಿ ಅತ್ತ ತಳ್ಳಿದರೆ ಸಾಕು, ಸರ್ವರಿನ ಗೊಡವೆಯಿಲ್ಲದೆ ಆ್ಯಪ್ ಲೋಕಕ್ಕೆಲ್ಲ ಕಾಣುತ್ತಿತ್ತು. ಅದೂ ಪುಕ್ಕಟೆಯಾಗಿ.

ಆ ವಿಳಾಸದ ಹೆಸರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ‘ಸೈಲೆಂಟ್ ರಿವರ್’ ಹುಡುಗರು ಇಟ್ಟ ಹೆಸರಲ್ಲ. ವೀರ ಎಂಬರ್ಥದ ಇಂಗ್ಲಿಷ್ ಪದವನ್ನೂ ಜಪಾನಿನ ಪುಟ್ಟ ಪದ್ಯಪ್ರಕಾರ ಹೈಕುವನ್ನೂ ಬೆಸೆದು ತನಗೆ ಹೆಸರಿಟ್ಟುಕೊಂಡ ಹೆರೋಕು, ಆ್ಯಪಿಗೆ ಯಾರೂ ಹೆಸರು ಕೊಡದಿದ್ದರೆ ತಾನೇ ಒಂದು ಗುಣವಾಚಕ, ಒಂದು ನಾಮಪದ, ಒಂದು ಸಂಖ್ಯೆ ಕೂಡಿಸಿ ಕೊಡುತ್ತಿತ್ತು. ಮಂಜು, ಮುಸ್ಸಂಜೆ, ಹೊಳೆ, ಜಲಪಾತ, ಎಲೆ ಎಲ್ಲವೂ ಅದರ ಪದಗಂಟಿನಲ್ಲಿದ್ದವು. ಈ ವೇದಿಕೆ ಮೊದಲು ಕಟ್ಟಿಕೊಂಡದ್ದು ರೂಬಿ ಭಾಷೆಯವರಿಗಾಗಿ. ರೂಬಿಯನ್ನು ಸೃಷ್ಟಿಸಿದ ಜಪಾನಿನ ಯುಕಿಹಿರೊ ಮಾತ್ಸುಮೊಟೊ 2011ರಲ್ಲಿ ಹೆರೋಕು ಸೇರಿದರು ಎಂಬುದನ್ನು ನೆನೆದರೆ ಈ ಹೈಕು ಪ್ರೀತಿ ಇನ್ನಷ್ಟು ಹಿತವೆನಿಸುತ್ತದೆ. ಲಕ್ಷಾಂತರ ಬಿಲ್ಲಿಂಗ್ ತಂತ್ರಾಂಶ, ಚಾಟ್‌ಬಾಟ್, ಕಾಲೇಜು ಪ್ರಾಜೆಕ್ಟುಗಳು ಇಂಥ ಎರಡು ಪದದ ಕವಿತೆ ಹೊತ್ತುಕೊಂಡು ತಿರುಗುತ್ತಿದ್ದವು. ಪ್ರವಾಹದ ಲೆಕ್ಕವಿಡುವ ಆ್ಯಪಿಗೆ ‘ಮೌನ ನದಿ’ ಎಂದು ಬಂದಾಗ ಬದಲಿಸಲು ಹುಡುಗರಿಗೂ ಮನಸ್ಸಾಗಲಿಲ್ಲ.

ಪುಕ್ಕಟೆ ಸರ್ವರಿಗೆ ನಿದ್ದೆಯ ನಿಯಮವೂ ಇತ್ತು. ಮೂವತ್ತು ನಿಮಿಷ ಯಾರೂ ಬರದಿದ್ದರೆ ಅದು ಮಲಗುತ್ತದೆ; ಆಮೇಲೆ ಬಂದ ಮೊದಲಿಗ ಅದು ಏಳುವ ತನಕ ಕಾಯಬೇಕು. ಮಲಗಗೊಡದಂತೆ ಅರ್ಧ ಗಂಟೆಗೊಮ್ಮೆ ಬಾಗಿಲು ತಟ್ಟುವ ಸೇವೆಗಳೇ ಹುಟ್ಟಿಕೊಂಡಿದ್ದವು, ಕಾಫಿಯ ನೆನಪು ತರುವ ‘ಕಾಫೀನ್’ ಎಂಬುದು ಅದರಲ್ಲೊಂದು. ಆದರೆ ತಿಂಗಳಿಗೆ ಸಿಗುತ್ತಿದ್ದದ್ದು 550 ಗಂಟೆ. ಹಗಲಿರುಳು ಎಚ್ಚರವಿಟ್ಟರೆ 23ನೇ ತಾರೀಕಿಗೆ ಗಂಟೆ ಮುಗಿದು ಆ್ಯಪ್ ನಿಂತೇಹೋಗುತ್ತದೆ. ಕ್ರೆಡಿಟ್ ಕಾರ್ಡ್ ತೋರಿಸಿದವರಿಗೆ ಇನ್ನೂ 450 ಗಂಟೆ ಸಿಗುತ್ತಿತ್ತು; ಈ ಹುಡುಗರ ಮನೆಗಳಲ್ಲಿ ಇದ್ದದ್ದು ಅಪ್ಪಂದಿರ ರೂಪೇ ಡೆಬಿಟ್ ಕಾರ್ಡ್. ಅದಕ್ಕೇ ಅವರು ಮಳೆಗಾಲದಲ್ಲಿ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಮಾತ್ರ ಎಬ್ಬಿಸಿಡುವಂತೆ ಮಾಡಿದ್ದರು. ದಿನಕ್ಕೆ 16 ಗಂಟೆ, 31 ದಿನಕ್ಕೆ 496. ಬಡಕುಟುಂಬದ ತಾಯಿ ಸಕ್ಕರೆ ಅಳೆದಂತೆ ಅಳೆದ ಲೆಕ್ಕ ಇದು, ಇದರಲ್ಲಿ ಎಂಥ ಇಂಜಿನಿಯರಿಂಗ್ ಇದೆ! ಜೊತೆಗೆ ಸಿಗುತ್ತಿದ್ದ ಡೇಟಾಬೇಸಿಗೆ 10,000 ಸಾಲುಗಳ ಮಿತಿ. ಎರಡು ಅಣೆಕಟ್ಟೆ, ದಿನಕ್ಕೆ ಎರಡು ಸಾಲು. ಹದಿಮೂರು ವರ್ಷಕ್ಕೂ ಸಾಲುತ್ತಿತ್ತು.

ಹದಿಮೂರು ವರ್ಷ ಸಿಗಲಿಲ್ಲ. 2022ರ ಆಗಸ್ಟ್ 25ರಂದು ಹೆರೋಕು ಮುಖ್ಯಸ್ಥ ಬಾಬ್ ವೈಸ್, ಉಚಿತ ಯೋಜನೆ ನವೆಂಬರ್ 28ಕ್ಕೆ ಕೊನೆ ಎಂದು ಪ್ರಕಟಿಸಿದರು. ಕೊಟ್ಟ ಕಾರಣ ವಂಚನೆ ಮತ್ತು ದುರ್ಬಳಕೆ. ಇದು ಸುಳ್ಳಲ್ಲ. ಪುಕ್ಕಟೆ ಸರ್ವರ್ ಎಲ್ಲಿದ್ದರೂ ಅಲ್ಲಿ ಕ್ರಿಪ್ಟೊ ಗಣಿಗಾರಿಕೆಗೆ ನುಗ್ಗುವವರಿದ್ದಾರೆ. ಆದರೂ ಡೆವಲಪರ್‌ಗಳ ಸಿಟ್ಟು ಜೋರಾಗಿಯೇ ಇತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ, ಕೋಡ್ ಇಡುವ ತಾಣ ಗಿಟ್‌ಹಬ್ ಜೊತೆಗಿನ ಜೋಡಣೆಯ ಟೋಕನ್‌ಗಳು ಕಳುವಾಗಿ, ಆ ಸೌಲಭ್ಯ ವಾರಗಟ್ಟಲೆ ಸ್ಥಗಿತವಾಗಿತ್ತು. ಅದರ ಬೆನ್ನಿಗೇ ಇದು. ಹೊಸ ದರದ ಪ್ರಕಾರ ತಿಂಗಳಿಗೆ 1000 ಗಂಟೆಗೆ 5 ಡಾಲರ್, ಡೇಟಾಬೇಸಿಗೆ ಮತ್ತೆ 5. ದುಡ್ಡು ಕೊಟ್ಟರೂ ಆ ಅಗ್ಗದ ಸರ್ವರ್ ಅರ್ಧ ಗಂಟೆಗೆ ಮಲಗುತ್ತಿತ್ತು ಎಂಬುದು ಹಲವರಿಗೆ ನುಂಗಲಾರದ ತುತ್ತಾಯಿತು.

ಹತ್ತು ಡಾಲರ್ ಎಂದರೆ ಆಗ ಎಂಟುನೂರು ರೂಪಾಯಿಗೂ ಮೇಲೆ. ಅಮೆರಿಕದ ಡೆವಲಪರ್ ಇದನ್ನು ಕಾಫಿಯ ಖರ್ಚು ಎನ್ನಬಹುದು. ನಂಜನಗೂಡಿನಲ್ಲಿ ಮೊತ್ತಕ್ಕಿಂತ ದೊಡ್ಡ ತೊಡಕು ಪಾವತಿಯ ದಾರಿ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಇ–ಮ್ಯಾಂಡೇಟ್ ನಿಯಮ ಜಾರಿಗೆ ಬಂದು, ಪ್ರತಿ ತಿಂಗಳು ತಾನಾಗಿ ಕಡಿತವಾಗುವ ಪಾವತಿಗಳಿಗೆ ಗ್ರಾಹಕರ ಹೆಚ್ಚುವರಿ ದೃಢೀಕರಣ ಬೇಕಾಯಿತು. ಅದಕ್ಕೆ ಹೊಂದಿಕೊಳ್ಳದ ವಿದೇಶಿ ಸೇವೆಗಳಿಗೆ ಭಾರತದ ಕಾರ್ಡುಗಳಿಂದ ಹಣ ಹೋಗುವುದೇ ಕಷ್ಟವಾಯಿತು. ಗ್ರಾಹಕರ ರಕ್ಷಣೆಗೆ ಬಂದ ಒಳ್ಳೆಯ ನಿಯಮವೇ. ಆದರೆ ಕಾರ್ಡಿಲ್ಲದ ಹುಡುಗನೂ ತನ್ನ ಕೆಲಸವನ್ನು ಲೋಕದ ಮುಂದಿಡಬಹುದಾಗಿದ್ದ ಬಾಗಿಲು ಮುಚ್ಚಿದಾಗ, ಪಕ್ಕದ ಬಾಗಿಲಿಗೂ ಅಗುಳಿ ಬಿದ್ದಿತ್ತು.

ಮುಂದೆ ಗುಳೆ ಶುರುವಾಯಿತು. ರೆಂಡರ್, ರೈಲ್ವೇ, ಫ್ಲೈ ಡಾಟ್ ಐಒ ಎಂಬ ಇಂಥದೇ ಹೋಸ್ಟಿಂಗ್ ಸೇವೆಗಳ ಕಡೆಗೆ ಜನ ಹೊರಟರು. 2023ರಲ್ಲಿ ರೈಲ್ವೇ ಉಚಿತ ಯೋಜನೆ ನಿಲ್ಲಿಸಿತು. 2024ರ ಏಪ್ರಿಲ್‌ನಲ್ಲಿ ಡೇಟಾಬೇಸ್ ಒದಗಿಸುವ ಪ್ಲಾನೆಟ್‌ಸ್ಕೇಲ್ ಅದೇ ಹಾದಿ ಹಿಡಿಯಿತು. ಬಳಕೆದಾರರ ಕೂಗಿಗೆ ಬೆಲೆ ಸಿಕ್ಕ ಪ್ರಸಂಗಗಳೂ ಉಂಟು. 2024ರ ಫೆಬ್ರುವರಿಯಲ್ಲಿ ಒಂದು ಹಾಡಿನ ಕಡತಕ್ಕೆ ಮುಗಿಬಿದ್ದ ಡೌನ್‌ಲೋಡ್‌ಗಳಿಂದ ನೆಟ್ಲಿಫೈ ಎಂಬ ಹೋಸ್ಟಿಂಗ್ ಸೇವೆಯ ಬಳಕೆದಾರರೊಬ್ಬರಿಗೆ 1,04,500 ಡಾಲರ್ ಬಿಲ್ ಬಂದಾಗ, ಗದ್ದಲವೆದ್ದ ಮೇಲೆ ಕಂಪನಿ ಪೂರ್ತಿ ಮನ್ನಾ ಮಾಡಿತು.

ನಂಜನಗೂಡಿನ ಹುಡುಗರು ಕೂಗಲಿಲ್ಲ, ಅವರಿಗೆ ವಿಷಯವೇ ತಿಳಿದಿರಲಿಲ್ಲ. ಹೆರೋಕುವಿನ ಪತ್ರಗಳು ಹೋಗಿದ್ದು ಕಾಲೇಜಿನ ಇಮೇಲ್ ವಿಳಾಸಕ್ಕೆ. ಓದು ಮುಗಿದ ಮೇಲೆ ಇಬ್ಬರೂ ಅದನ್ನು ತೆರೆದಿರಲಿಲ್ಲ. 95 ದಿನಗಳ ಗಡುವು ಮುಗಿಯಿತು, ಡೇಟಾಬೇಸ್ ಅಳಿಯಿತು. ಎರಡು ಮುಂಗಾರುಗಳ ಅಂಕಿ ಅದರಲ್ಲಿತ್ತು. “ತಪ್ಪು ನಮ್ದೇ ಮಗಾ, ಒಂದ್ಸಲ ಡೌನ್‌ಲೋಡ್ ಮಾಡ್ಕೊಂಡಿದ್ರೆ ಆಗ್ತಿತ್ತು,” ಎಂದು ಒಬ್ಬ ಇನ್ನೊಬ್ಬನಿಗೆ ಹೇಳುವಾಗಲೂ ಆ ನೋವು ಮಾಸಿರಲಿಲ್ಲ. 95 ದಿನ ಕಾನೂನಿನ ಲೆಕ್ಕಕ್ಕೆ ಸಾಕಿರಬಹುದು. ಓದು ಮುಗಿಸಿ ಕೆಲಸ ಹುಡುಕುತ್ತಿದ್ದವರ ಅಂಕಿಗಳನ್ನು ಇನ್ನೊಂದು ವರ್ಷ ಬೀಗ ಹಾಕಿಯಾದರೂ ಇಡಬಹುದಿತ್ತು.

2024ರ ಜುಲೈ ಕೊನೆಯಲ್ಲಿ ಕಪಿಲೆ ಮತ್ತೆ ಊರೊಳಗೆ ಬಂದಳು. ಅದೇ ವಾರ ಇಬ್ಬರೂ ಹಳೆಯ ಕೋಡ್ ತೆಗೆದು ಕೂತರು. ಈಗ ಸರ್ವರ್ ಇಲ್ಲ. ಗಿಟ್‌ಹಬ್‌ನಲ್ಲಿ ದಿನಕ್ಕೊಮ್ಮೆ ಒಂದು ಕೆಲಸ ತಾನಾಗಿ ನಡೆದು, ಎರಡು ಅಣೆಕಟ್ಟೆಗಳ ಅಂಕಿ ತಂದು, ಸಾದಾ ಕಡತಕ್ಕೆ ಸಾಲು ಸೇರಿಸಿ, ಪುಟವೊಂದನ್ನು ಹೊಸದಾಗಿ ಬರೆಯುತ್ತದೆ. ಖರ್ಚಿಲ್ಲ. ಪ್ರತಿ ಭಾನುವಾರ ಆ ಕಡತದ ಪ್ರತಿಯೊಂದು ನರಸೀಪುರದ ಮನೆಯ ಲ್ಯಾಪ್‌ಟಾಪಿಗೆ ಇಳಿಯುತ್ತದೆ.

ಆ ಪುಟದ ಪಟ್ಟಿಯಲ್ಲಿ 2021 ಮತ್ತು 2022ರ ಅಂಕಣಗಳು ಖಾಲಿ ಇದ್ದವು. ಆದರೆ ಮೈಸೂರು ಆವೃತ್ತಿಯ ದಿನಪತ್ರಿಕೆಗಳು ಒಳಹರಿವು, ಹೊರಹರಿವಿನ ಪಟ್ಟಿಯನ್ನು ಮೂಲೆಯಲ್ಲಿ ಅಚ್ಚು ಹಾಕುತ್ತವಲ್ಲ? ಹಳೆಯ ಕಟ್ಟುಗಳನ್ನು ಬಿಚ್ಚಿ, ಒಬ್ಬ ಓದುತ್ತಾ ಒಬ್ಬ ಬರೆಯುತ್ತಾ, ಭೇಟಿಯಾದ ಭಾನುವಾರದ ಹೊತ್ತಿಗೆ ಅವರು 2021ರ ಆಗಸ್ಟ್ ಮೊದಲ ವಾರ ತಲುಪಿದ್ದರು.